ನಡುಕೋಣೆಯ ಬೆಳಕಿಂಡಿ

ಪುಟ್ಟಿ ಬೊಂಬೆಮನೆಯ ಸೂರಿನ ಮೇಲೆ ಬೆರಳಿಟ್ಟು ತೋರಿಸಿದಳು. ಅಷ್ಟೇ. ಬಾಯಿ ತೆರೆಯಲಿಲ್ಲ, ಅವಳು ಬಾಯಿ ತೆರೆದು ತಿಂಗಳುಗಳೇ ಕಳೆದಿದ್ದವು. ಬೆರಳು ಊರಿದ ಜಾಗ ಯಾವುದೆಂದು ಅಪ್ಪನಿಗೆ ತಕ್ಷಣ ತಿಳಿಯಿತು. ತಿಳಿಯದವನಂತೆ, ‘ಇಲ್ಲೇನು, ಒಂದು ಬೆಕ್ಕು ಕೂರಿಸೋಣವಾ?’ ಎಂದು ನಕ್ಕ. ಆ ನಗು ಅವನ ಕಿವಿಗೇ ಸುಳ್ಳಾಗಿ ಕೇಳಿಸಿತು. ಮಗಳು ನಗಲಿಲ್ಲ, ಬೆರಳನ್ನು ತೆಗೆಯಲೂ ಇಲ್ಲ. ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದ ಹೆಂಡತಿಯ ಅಕ್ಕ ಬಗ್ಗಿ ನೋಡಿ, ‘ಅಯ್ಯೋ, ಬೆಳಕಿಂಡೀನೇ ಬಿಟ್ಟಿದ್ದೀರಲ್ಲ! ಅಡುಗೆಮನೇದೊಂದು, ನಡುಕೋಣೇದೊಂದು. ಇಷ್ಟೆಲ್ಲ ಮಾಡಿ ಅದನ್ನೇ ಮರೆತ್ರಾ?’ ಎಂದರು.

‘ಮರೆತೇಹೋಯ್ತು ಅಕ್ಕ’ ಎಂದ. ಮರೆಯುವುದೆಂದರೆ! ಫೋಟೋಗಳಿಗೆ ಕಟ್ಟು ಹಾಕಿ ಹೊಟ್ಟೆ ಹೊರೆಯುವವನು ಅವನು. ಒಂದು ಪಟ್ಟಿ ಕೂದಲೆಳೆಯಷ್ಟು ಸೊಟ್ಟಗಾದರೂ ಕಣ್ಣಿಗೆ ಮುಳ್ಳಾಗುವ ಕಸುಬು. ಈ ಪುಟ್ಟ ಮನೆಯಲ್ಲಿ ಒಲೆಯ ಮೇಲಿನ ಗೋಡೆಗೆ ಹೊಗೆಯ ಕಪ್ಪನ್ನೂ ಹಚ್ಚಿದ್ದ, ಹಜಾರದ ಬೆತ್ತದ ಕುರ್ಚಿಯನ್ನು ದಾರದಲ್ಲಿ ಹೆಣೆದಿದ್ದ, ನಡುಕೋಣೆಯ ಮಂಚದ ಕೆಳಗೆ ಒಂದು ಟ್ರಂಕನ್ನೂ ಇಟ್ಟಿದ್ದ. ಸೂರನ್ನು ಮಾತ್ರ ಇಡಿಯಾಗಿ, ಒಂದು ತೂತೂ ಇಲ್ಲದಂತೆ ಮುಚ್ಚಿದ್ದ. ‘ಮನೆ ಹೇಗಿದೆಯೋ ಹಾಗೇ ಮಾಡಿ’ ಎಂದಿದ್ದರು ಮಕ್ಕಳ ಡಾಕ್ಟರಮ್ಮ. ‘ಮಗು ಏನೋ ನೋಡಿದೆ. ಅದನ್ನ ಹೊಟ್ಟೇಲಿಟ್ಟುಕೊಂಡು ಕೂತಿದೆ. ತಮ್ಮ ಬಾಯಲ್ಲಿ ಬಾರದ್ದನ್ನ ಮಕ್ಕಳು ಬೊಂಬೆ ಕೈಲಿ ಹೇಳಿಸ್ತಾರೆ. ನೀವು ಏನೂ ಕೇಳಬೇಡಿ, ಸುಮ್ನೆ ಜೊತೇಲಿ ಕೂತ್ಕೊಳಿ.’ ಅವರು ‘ನೋಡಿದೆ’ ಎಂದಾಗ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವಂತೆ, ಅವನ ಕೈ ತಾನಾಗಿ ಅಂಗಿಯ ಗುಂಡಿಗೆ ಹೋಗಿ ತಡವರಿಸಿತ್ತು. ಡಾಕ್ಟರಮ್ಮ ಗಮನಿಸಿದರೋ ಇಲ್ಲವೋ. ಆವತ್ತಿನಿಂದ ಅವನೊಳಗೆ ಎರಡು ಆಸೆಗಳು ಒಂದೇ ಚಾಪೆಯ ಮೇಲೆ ಮಲಗಿ ಒದ್ದಾಡುತ್ತಿದ್ದವು. ಮಗಳು ಮಾತಾಡಬೇಕು. ಮಗಳು ಅದೊಂದನ್ನು ಮಾತ್ರ ಆಡಬಾರದು.

ಸೂರನ್ನು ಎತ್ತಿ ಮೇಜಿನ ಮೇಲೆ ಮಗುಚಿ ಹಾಕಿಕೊಂಡ. ದಪ್ಪ ರಟ್ಟಿನ ಎರಡು ಇಳಿಜಾರು. ಮೇಲೆ ಸುಕ್ಕುಸುಕ್ಕು ಕಾಗದ ಅಂಟಿಸಿ, ಇಟ್ಟಿಗೆ ಬಣ್ಣ ಬಳಿದು ಹೆಂಚಿನಂತೆ ಮಾಡಿದ್ದು. ಮೊದಲು ಅಡುಗೆಮನೆಯದನ್ನೇ ಹಿಡಿದ. ಅದರಿಂದ ಯಾರಿಗೂ ಕೇಡಿಲ್ಲ. ಪೆನ್ಸಿಲಿನಲ್ಲಿ ಚೌಕ ಎಳೆದು, ಬ್ಲೇಡನ್ನು ಒಂದೇ ಸಲ ಒತ್ತದೆ ಮೆಲ್ಲಗೆ ಮತ್ತೆ ಮತ್ತೆ ಎಳೆದ. ಅವಸರ ಮಾಡಿದರೆ ಹೆಂಚಿನ ಕಾಗದ ಹರಿದು ಅಂಚು ನಾಯಿ ಕಚ್ಚಿದ ಹಾಗಾಗುತ್ತದೆ. ಚೌಕ ಕಳಚಿ ಬಿತ್ತು. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ತುಂಡನ್ನು ತೂತಿನ ಮೇಲಿಟ್ಟು, ಸುತ್ತ ಬಿಳಿ ಗೋಂದಿನಲ್ಲಿ ಕಡ್ಡಿಯಷ್ಟು ಸಣ್ಣ ಮರದ ಪಟ್ಟಿಗಳನ್ನು ಕೂರಿಸಿದ. ಹೊರಗಿನ ಕಟ್ಟು ಸುಲಭ, ಅವನ ದಿನದ ಕೆಲಸವೇ. ಮೂಲೆಗೆ ಮೂಲೆ ಓರೆಯಾಗಿ ಕತ್ತರಿಸಿದರೆ ಸೈ. ಒಳಗಿನದು ಕೈಕೊಟ್ಟಿತು. ಗೋಡೆಗೆ ಆನಿಸುವ ಫೋಟೋದ ಕಟ್ಟಿಗೂ ಇಳಿಜಾರು ಸೂರಿನೊಳಗೆ ಇಣುಕಿ ನೋಡುವ ಕಟ್ಟಿಗೂ ಹೋಲಿಕೆಯೇ ಇರಲಿಲ್ಲ. ಮೇಲಿನ ಪಟ್ಟಿಯ ಹಿಂಬದಿ ಕೆರೆಯಬೇಕು, ಕೆಳಗಿನದರ ಮುಂಬದಿ ಸವರಬೇಕು, ಇಲ್ಲದಿದ್ದರೆ ನಡುವೆ ಬಿರುಕು. ಬೇರೆಯವರ ಸತ್ತ ಅಜ್ಜಂದಿರಿಗೆಲ್ಲ ಬಿರುಕಿಲ್ಲದ ಕಟ್ಟು ಹಾಕಿದ್ದ ಅವನು, ತನ್ನ ಹೆಂಡತಿಯ ಫೋಟೋಕ್ಕೂ ತಾನೇ ಹಾಕಿದ್ದ. ಆ ದಿನ ಒಂದು ಮೂಲೆ ಬಾಯಿ ಬಿಟ್ಟಿದ್ದನ್ನು ಮೇಣ ತುಂಬಿ ಮುಚ್ಚಿದ್ದ. ‘ಎಷ್ಟು ಚೆನ್ನಾಗಿ ಮಾಡಿದ್ದಾರೆ, ಹೆಂಡ್ತಿ ಮೇಲೆ ಅದೆಷ್ಟು ಪ್ರೀತಿ’ ಎಂದು ಬಂದವರು ಹೊಗಳುವಾಗ ಅವನು ಆ ಮೂಲೆಯನ್ನೇ ನೋಡುತ್ತಿದ್ದ.

ಪ್ರೀತಿಯೇನೋ ಇತ್ತು. ಆದರೆ ಆ ಮನೆಗೆ ಒಂದು ಕಾಯಿದೆಯೂ ಇತ್ತು: ಜಗಳವಾದ ಮೇಲೆ ಮೊದಲು ಮಾತಾಡಿದವರು ಸೋತ ಹಾಗೆ. ಮದುವೆಯಾದ ಹೊಸದರಲ್ಲಿ ಅದೊಂದು ತಮಾಷೆ. ಆಮೇಲೆ ತಮಾಷೆ ಹೋಯಿತು, ಕಾಯಿದೆ ಉಳಿಯಿತು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಆ ಲೆಕ್ಕದಲ್ಲಿ ಅವರ ಮನೆಯಲ್ಲಿ ಬಂಗಾರಕ್ಕೆ ಬರವೇ ಇರಲಿಲ್ಲ. ಕೊನೆಯ ಜಗಳಕ್ಕೆ ಕಾರಣ ಕೇಳಿದರೆ ಯಾರಾದರೂ ನಕ್ಕಾರು. ಅವಳ ತವರಿನವರೆಲ್ಲ ಕೂತಿದ್ದಾಗ ಯಾರೋ ‘ನಿಮ್ಮ ಯಜಮಾನ್ರಿಗೆ ಬೇರೆ ಕೆಲಸ ನೋಡಬಾರದಾ’ ಎಂದದ್ದಕ್ಕೆ ಅವಳು, ‘ಬೇರೆಯವರ ಮುಖಕ್ಕೆ ಕಟ್ಟು ಹಾಕೋದು ಬಿಟ್ರೆ ಇವರಿಗೆ ಬೇರೇನು ಬರುತ್ತೆ?’ ಎಂದಿದ್ದಳು. ಎಲ್ಲರೂ ನಕ್ಕರು. ಅವನೂ ನಕ್ಕ, ಎಲ್ಲರಿಗಿಂತ ಜೋರಾಗಿ. ಆ ನಗು ಮೈಯೊಳಗೆಲ್ಲೋ ಸಿಕ್ಕಿಕೊಂಡು, ಮನೆಗೆ ಬಂದ ಮೇಲೆ ಬೇರೆ ರೂಪದಲ್ಲಿ ಆಚೆ ಬಂತು. ಅವಳು ‘ತಮಾಷೆ ಮಾಡಿದ್ದು ಕಣ್ರೀ’ ಎಂದಳು. ಅವನು ಏನೇನೋ ಅಂದ. ಆಮೇಲೆ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡರು, ಮತ್ತು ಆ ಮಧ್ಯಾಹ್ನ ಅವನು ಊಟ ಮುಗಿಸಿ ಬೆತ್ತದ ಕುರ್ಚಿಯಲ್ಲಿ ಪೇಪರು ಹಿಡಿದು ಕಾಲು ಕುಣಿಸುತ್ತ ಕೂತಿದ್ದಾಗ ನಡುಕೋಣೆಯಿಂದ ಕರೆ ಬಂತು.

‘ರೀ... ಸ್ವಲ್ಪ ಬನ್ರೀ.’

ಸೋತಳು! ಮೊದಲು ಹೊಳೆದದ್ದು ಅದೇ. ಎದೆಯಲ್ಲಿ ಒಂದು ತಣ್ಣನೆಯ ಸಂತೋಷ. ನೆನೆಸಿಕೊಂಡರೆ ಈಗಲೂ ಅಲ್ಲೇ, ಅದೇ ಜಾಗದಲ್ಲಿ ಹೇಸಿಗೆಯಾಗುತ್ತದೆ. ಇನ್ನೊಂದು ಸಲ ಕರೆಯಲಿ ಎಂದು ಪೇಪರಿನ ಹಾಳೆ ತಿರುಗಿಸಿದ, ಸದ್ದಾಗುವ ಹಾಗೆ, ಎಚ್ಚರವಾಗಿಯೇ ಇದ್ದೇನೆ ಎಂದು ಅವಳಿಗೆ ತಿಳಿಯಲೆಂದು. ಇನ್ನೊಂದು ಸಲವೂ ಕರೆದಳು. ಈ ಸಲ ಬರೀ ‘ರೀ’. ಆಮೇಲೆ ಲೋಟ ಉರುಳಿದ ಸದ್ದು. ಎಸೆದಳು ಎಂದುಕೊಂಡ. ಅಷ್ಟು ಪೊಗರಾ ಎಂದುಕೊಂಡು ಎದ್ದು, ತೆರೆದೇ ಇದ್ದ ನಡುಕೋಣೆಯ ಬಾಗಿಲ ಮುಂದೆಯೇ ಹಾದು, ಅತ್ತ ಕತ್ತು ಹೊರಳಿಸದೆ, ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದ. ಕತ್ತು ಹೊರಳಿಸದೆ ಇರಲು ಎಷ್ಟು ಕಷ್ಟಪಟ್ಟಿದ್ದ! ಬೆಳಕಿಂಡಿಯಿಂದ ನೆಲದ ಮೇಲೆ ಬಿದ್ದಿದ್ದ ಬಿಸಿಲಿನ ಚೌಕ ಅರ್ಧ ಕಪ್ಪಾಗಿದ್ದದ್ದು ಮಾತ್ರ ಕಣ್ಣಂಚಿಗೆ ಕಂಡಿತ್ತು. ಮೋಡ ಎಂದುಕೊಂಡಿದ್ದ. ಆ ದಿನ ಮೋಡವಿರಲಿಲ್ಲ. ಸಂಜೆ ಬಂದಾಗ ಅವಳು ಎದೆಯ ಮೇಲೆ ಕೈಯಿಟ್ಟುಕೊಂಡು ತಣ್ಣಗಾಗಿದ್ದಳು. ಬೇಗ ಕರೆತಂದಿದ್ದರೆ ನೋಡಬಹುದಿತ್ತು ಎಂದರು ಆಸ್ಪತ್ರೆಯವರು. ‘ಬೆಳಿಗ್ಗೇನೇ ಅಂಗಡಿಗೆ ಹೋದೋನು, ಮಧ್ಯಾಹ್ನ ಊಟಕ್ಕೂ ಬಂದಿರಲಿಲ್ಲ’ ಎಂದ ಅವನು. ಯಾರೂ ಕೇಳಿರಲಿಲ್ಲ, ತಾನಾಗಿ ಹೇಳಿದ. ಮಗಳೆಲ್ಲಿ ಎಂದು ಹುಡುಕಿದಾಗ ಸಿಕ್ಕಿದ್ದು ಸೂರಿನ ಮೇಲೆ, ಬೆಳಕಿಂಡಿಯ ಪಕ್ಕ ಮುದುಡಿಕೊಂಡು, ಕೆನ್ನೆಯ ಮೇಲೆ ಹೆಂಚಿನ ಗೀರು. ಏಣಿ ಹಾಕಿ ಇಳಿಸಿಕೊಂಡವನು ಅವನೇ. ತಾಯಿ ಸತ್ತದ್ದನ್ನು ಮೇಲಿಂದ ಕಂಡು ಮಗು ಬೆದರಿದೆ ಎಂದಿತು ಕೇರಿ.

‘ನೀವು ಮನೇಲಿದ್ದಿದ್ರೆ ಉಳೀತಿದ್ಲು’ ಎಂದು ಹೆಂಡತಿಯ ಅಕ್ಕ, ಪುಟ್ಟಿಯ ದೊಡ್ಡಮ್ಮ, ದಿನಕ್ಕೊಂದು ಸಲವಾದರೂ ಅನ್ನುತ್ತಿದ್ದರು. ಸಮಾಧಾನಕ್ಕೇ ಅನ್ನುತ್ತಿದ್ದರು. ‘ಏನ್ಮಾಡೋದು, ಹಣೆಬರಹ. ನಮ್ಮ ಹುಡುಗಿಗೆ ಯಾರಿಂದಾದ್ರೂ ಅನ್ಯಾಯ ಆಗಿದ್ರೆ ಈ ಕೂಸನ್ನ ಒಂದು ಗಳಿಗೆ ಇಲ್ಲಿ ಬಿಡ್ತಿರಲಿಲ್ಲ ನಾನು, ಎತ್ಕೊಂಡು ಹೋಗ್ತಿದ್ದೆ. ನಿಮ್ಮದೇನು ತಪ್ಪಿದೆ, ಪಾಪ.’ ಆ ‘ಪಾಪ’ವನ್ನು ಅವನು ತಲೆ ತಗ್ಗಿಸಿ ನುಂಗುತ್ತಿದ್ದ. ಒಮ್ಮೆ ಅವರೂ ಪುಟ್ಟಿಯೂ ಹೊರಗೆ ಹೋದಾಗ ಏಣಿ ಹಾಕಿ ಸೂರು ಹತ್ತಿದ್ದ. ಈ ವಯಸ್ಸಿನಲ್ಲಿ ಕಳ್ಳನ ಹಾಗೆ ಹೆಂಚಿನ ಮೇಲೆ ಬೋರಲು ಮಲಗಿ, ಕೆನ್ನೆ ಒತ್ತಿ, ಬೆಳಕಿಂಡಿಯ ಗಾಜಿಗೆ ಕಣ್ಣಿಟ್ಟಿದ್ದ. ಮಂಚ ಕಂಡಿತು. ಬಾಗಿಲು ಕಂಡಿತು. ಬಾಗಿಲಾಚೆ ಹಜಾರದಲ್ಲಿ ಬೆತ್ತದ ಕುರ್ಚಿಯ ಮುಂದಿನ ಎರಡು ಕಾಲುಗಳು, ಅದರಲ್ಲಿ ಕೂತವರ ಪಾದಗಳಿರುವ ಜಾಗ. ಅಷ್ಟು ಸಾಕಾಗಿತ್ತು. ಪಕ್ಕದ ಮನೆಯ ಮುದುಕ ‘ಏನು, ಹೆಂಚು ಒಡೆದಿದೆಯಾ?’ ಎಂದು ಕೂಗಿ ಕೇಳಿದಾಗ, ‘ಹೌದು, ಸೋರುತ್ತೆ’ ಎಂದಿದ್ದ.

ನಡುಕೋಣೆಯ ಚೌಕ ಕತ್ತರಿಸುವ ಹೊತ್ತಿಗೆ ಪುಟ್ಟಿ ಮೇಜಿನ ಅಂಚಿಗೆ ಗಲ್ಲ ಊರಿ ನಿಂತಿದ್ದಳು. ಅವಳ ಉಸಿರು ಅವನ ಮೊಣಕೈಗೆ ತಾಕುತ್ತಿತ್ತು. ಎಷ್ಟೋ ದಿನಗಳ ಮೇಲೆ ತಾನಾಗಿ ಇಷ್ಟು ಹತ್ತಿರ ಬಂದಿದ್ದಳು, ಅದೂ ಇದಕ್ಕಾಗಿ. ಬಿಳಿ ಗೋಂದು ಒಣಗುವವರೆಗೆ ಪಟ್ಟಿಯನ್ನು ಅದುಮಿ ಹಿಡಿಯಬೇಕು; ಅಷ್ಟು ಹೊತ್ತು ಮಗಳ ಕಣ್ಣು ತಡೆದುಕೊಳ್ಳುವ ಶಕ್ತಿ ಅವನಿಗಿರಲಿಲ್ಲ. ಡ್ರಾಯರಿನಿಂದ ತಕ್ಷಣ ಹಿಡಿಯುವ ಅಂಟಿನ ಪುಟ್ಟ ಟ್ಯೂಬು ತೆಗೆದ. ಅಂಗಡಿಯಲ್ಲಿ ಮರಕ್ಕೆ, ಗಾಜಿಗೆ ಎಷ್ಟು ಸಲ ಬಳಸಿಲ್ಲ. ಒಳಗೊಂದು ಕಟ್ಟು, ಹೊರಗೊಂದು ಕಟ್ಟು, ನಡುವೆ ಹಾಳೆ. ಮೂಲೆಮೂಲೆಗೆ ಹನಿ ಬಿಟ್ಟು ಒತ್ತಿದ. ಮುಗಿಯಿತು ಎಂದು ಸೂರನ್ನು ಮನೆಯ ಮೇಲೆ ಕೂರಿಸಿ ನೋಡಿದರೆ, ಅಡುಗೆಮನೆಯ ಬೆಳಕಿಂಡಿ ನೀರಿನ ಹಾಗೆ ತಿಳಿಯಾಗಿದೆ, ನಡುಕೋಣೆಯದು ಕಣ್ಣೆದುರೇ ಬೆಳ್ಳಗಾಗುತ್ತ ಬರುತ್ತಿದೆ. ಮೊದಲು ಅಂಚಿನಲ್ಲಿ ಒಂದು ಹೊಗೆ, ಆಮೇಲೆ ನಡುವಿನವರೆಗೆ, ಪೊರೆ ಬಂದ ಕಣ್ಣಿನ ಹಾಗೆ. ಗಾಜಿಗೆ ಏನೂ ಮಾಡದ ಆ ಅಂಟಿನ ಆವಿ ಪ್ಲಾಸ್ಟಿಕ್ಕನ್ನು ಹೀಗೆ ಕುರುಡು ಮಾಡುತ್ತದೆಂದು ಜೀವನವಿಡೀ ಗಾಜಿನ ಜೊತೆಗೇ ಬದುಕಿದವನಿಗೆ ಹೇಗೆ ಗೊತ್ತಾಗಬೇಕು?

ಅಬ್ಬ ಎನ್ನಿಸಿತು. ಬೆನ್ನಿನಿಂದ ಏನೋ ಭಾರ ಜಾರಿದ ಹಾಗೆ, ನಿಜವಾಗಿ ಅಬ್ಬ ಎನ್ನಿಸಿತು. ಬೆಳಕಿಂಡಿ ಇದೆ, ಇಲ್ಲ ಎಂದು ಯಾರೂ ಅನ್ನುವಂತಿಲ್ಲ. ಅದರೊಳಗಿಂದ ಏನೂ ಕಾಣುವುದಿಲ್ಲ. ತಾನು ಮಾಡಿದ್ದಲ್ಲ, ಆಗಿಹೋದದ್ದು. ದೊಡ್ಡಮ್ಮ ಬಂದು, ‘ಇದೇನು, ಮಂಜು ಮುಸುಕಿದೆ?’ ಎಂದಾಗ, ‘ಹಾಗೇ ಮಾಡಿದ್ದು ಅಕ್ಕ, ಹಳೇ ಗಾಜಿನ ಥರ ಕಾಣಲಿ ಅಂತ’ ಎಂಬ ಉತ್ತರ ತಡೆಯಿಲ್ಲದೆ ಬಂತು. ಒಂದು ಸುಳ್ಳನ್ನು ಸಾಕಿದವನ ಮನೆಯಲ್ಲಿ ಅದರ ಮರಿಗಳು ಕರೆದಾಗೆಲ್ಲ ಓಡಿಬರುತ್ತವೆ. ಪುಟ್ಟಿ ಲಂಗದ ಅಂಚಿನಿಂದ ಹಾಳೆಯನ್ನು ಒರೆಸಿದಳು. ಉಸಿರು ಊದಿ ಮತ್ತೆ ಒರೆಸಿದಳು. ಉಗುರಿನಿಂದ ಕೆರೆದಳು. ಸೂರಿಗೆ ಕೆನ್ನೆ ಹಚ್ಚಿ, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಅದಕ್ಕೆ ಒತ್ತಿದಳು. ಆಮೇಲೆ ತಲೆಯೆತ್ತಿ ಅಪ್ಪನನ್ನು ನೋಡಿದಳು. ಬೈಯಬಹುದಿತ್ತು, ಅಳಬಹುದಿತ್ತು, ಬರೀ ನೋಡಿದಳು, ಆಮೇಲೆ ಮೇಜಿನ ಕೆಳಗೆ ತೂರಿಕೊಂಡು ಮಂಡಿಗೆ ಹಣೆ ಒತ್ತಿ ಕೂತುಬಿಟ್ಟಳು. ಆ ದಿನ ಸೂರಿನ ಮೇಲೆ ಸಿಕ್ಕಿದಾಗಲೂ ಹೀಗೇ ಕೂತಿದ್ದಳು.

‘ಬಾ ಪುಟ್ಟಿ, ಬಾ ಬಂಗಾರ’ ಎಂದರು ದೊಡ್ಡಮ್ಮ. ಬರಲಿಲ್ಲ. ಮೇಜಿನ ಕೆಳಗೆ ಕಾಣುತ್ತಿದ್ದ ಆ ಸಣ್ಣ ಬೆನ್ನನ್ನು ನೋಡುತ್ತ ಅವನಿಗೆ, ಇದು ಹೀಗೇ ಉಳಿದುಬಿಡುತ್ತದೆ ಎನ್ನಿಸಿತು. ಹೀಗೇ ದೊಡ್ಡವಳಾಗುತ್ತಾಳೆ, ಹೀಗೇ ಶಾಲೆಯ ಕೊನೆಯ ಬೆಂಚಿನಲ್ಲಿ ಕೂರುತ್ತಾಳೆ, ಜನ ಮೂಗಿ ಎನ್ನುತ್ತಾರೆ, ಅವಳು ಕತ್ತು ಬಗ್ಗಿಸಿ ಕೇಳಿಸಿಕೊಳ್ಳುತ್ತಾಳೆ, ಮತ್ತು ಅವನು ಸುಖವಾಗಿ ಅಂಗಡಿಯಲ್ಲಿ ಕೂತು ಮೂಲೆಗಳನ್ನು ಜೋಡಿಸುತ್ತಿರುತ್ತಾನೆ. ಏನು ಮಾಡುತ್ತಿದ್ದೇನೆಂದು ಯೋಚಿಸುವ ಮೊದಲೇ ಬ್ಲೇಡು ಕೈಗೆ ಬಂದಿತ್ತು. ಯೋಚಿಸಿದ್ದರೆ ಮಾಡುತ್ತಿರಲಿಲ್ಲ. ಕಟ್ಟಿನ ಒಳಂಚಿಗೆ ಮೊನೆ ಊರಿ ಸುತ್ತ ಎಳೆದ, ಬೆಳ್ಳಗಾದ ಹಾಳೆಯನ್ನು ಕಿತ್ತು ತೆಗೆದ. ಹಾಕಲು ಬೇರೆ ಹಾಳೆ ಇರಲಿಲ್ಲ. ಖಾಲಿ ಚೌಕದಿಂದ ಕೆಳಗಿನ ಮಂಚ, ಬಾಗಿಲು, ಬಾಗಿಲಾಚೆಯ ದಾರದ ಕುರ್ಚಿ ಸ್ಪಷ್ಟವಾಗಿ ಕಂಡವು. ‘ಪುಟ್ಟಿ, ನೋಡು. ಈಗ ಕಾಣುತ್ತೆ’ ಎಂದ.

ಅವಳು ಹೊರಗೆ ಬಂದಳು. ಬಟ್ಟೆಯ ಬೊಂಬೆಗಳಿದ್ದ ಡಬ್ಬಿಯನ್ನು ದೊಡ್ಡಮ್ಮ ಮುಚ್ಚಳ ತೆಗೆದು ಇಟ್ಟರು. ‘ಆವತ್ತು ಯಾರ್ಯಾರು ಎಲ್ಲಿದ್ವಿ, ಅಲ್ಲಲ್ಲಿ ಇಡೋಣವಾ? ನಾನು ಎಷ್ಟೋ ದೂರದಲ್ಲಿದ್ದೆ’ ಎನ್ನುತ್ತ ತಮ್ಮ ಬೊಂಬೆಯನ್ನು ಮೇಜಿನ ತುತ್ತತುದಿಗೆ ಇಟ್ಟರು. ‘ಅಪ್ಪ ಅಂಗಡೀಲಿ’ ಎಂದು ಅವನದನ್ನು ಗೋಂದಿನ ಡಬ್ಬಿಗೆ ಒರಗಿಸಿದರು. ಪುಟ್ಟಿ ಅಮ್ಮನ ಬೊಂಬೆಯನ್ನು ಮಂಚದ ಮೇಲೆ ಮಲಗಿಸಿ, ಸೂರು ಮುಚ್ಚಿ, ಪುಟ್ಟ ಬೊಂಬೆಯನ್ನು ಬೆಳಕಿಂಡಿಯ ಪಕ್ಕ ಬೋರಲು ಹಾಕಿದಳು. ಬೊಂಬೆಯ ಬಾಯಿಗೆ ತನ್ನ ಬೆರಳನ್ನು ಅಡ್ಡ ಒತ್ತಿ ಹಿಡಿದಳು. ಬಹಳ ಹೊತ್ತು ಹಾಗೇ ಹಿಡಿದಿದ್ದಳು. ಆಮೇಲೆ ಅವಳ ತುಟಿ ಅಲುಗಿತು. ತುಕ್ಕು ಹಿಡಿದ ಚಿಲಕ ಸರಿದ ಹಾಗೆ ಒಂದು ದನಿ ಬಂತು. ಅಮ್ಮನ ದನಿಯನ್ನು ಅನುಕರಿಸುತ್ತಿತ್ತು.

‘ಯಾರದು ಮೇಲೆ? ಪುಟ್ಟೀ... ಅಪ್ಪನ್ನ ಕರಿಯೇ.’

ದೊಡ್ಡಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಅವನು ಕಟ್ಟಿನ ಪಟ್ಟಿಯ ಚೂರೊಂದನ್ನು ಮುಷ್ಟಿಯಲ್ಲಿ ಹಿಡಿದಿದ್ದ. ಅದು ಅಂಗೈಗೆ ಚುಚ್ಚುತ್ತಿತ್ತು. ಬಂತು, ಬಂದೇಬಿಟ್ಟಿತು ಎಂದುಕೊಂಡ. ಆದರೆ ಮಗಳು ಅವನತ್ತ ನೋಡಲೇ ಇಲ್ಲ.

‘ನಾನು ಕರೀಲಿಲ್ಲ’ ಎಂದಳು ಪುಟ್ಟಿ, ಈಗ ತನ್ನದೇ ದನಿಯಲ್ಲಿ. ‘ನಾನೂ ಅಮ್ಮನೂ ಆಡ್ತಿದ್ವಿ. ಹಿತ್ತಲ ಮರ ಹತ್ತಿ ಸೂರಿಗೆ ಹೋಗಿ ಮೇಲಿಂದ ಟಕಟಕ ಅನ್ನಿಸಿದ್ರೆ ಅಮ್ಮ ಮಾತಾಡಿಸ್ತಿದ್ಲು. ಉತ್ತರ ಕೊಟ್ರೆ ನಾನು ಸೋತ ಹಾಗೆ. ಏನೇನೋ ಸುಳ್ಳು ಹೇಳಿ ಮಾತಾಡಿಸೋಳು. ಆವತ್ತೂ ಸುಳ್ಳು ಅಂದ್ಕೊಂಡೆ.’ ಬೆರಳು ಇನ್ನೂ ಬೊಂಬೆಯ ಬಾಯಿಯ ಮೇಲೇ ಇತ್ತು. ‘ನಾನು ಗೆಲ್ಲಬೇಕು ಅಂತ ಸುಮ್ನಿದ್ದೆ. ಅಮ್ಮ ಸತ್ತೋದ್ಲು.’

‘ಇಲ್ಲ ಕಂದ, ಇಲ್ಲ’ ದೊಡ್ಡಮ್ಮ ಅಳುತ್ತ ಅವಳನ್ನು ಬಾಚಿ ತಬ್ಬಿಕೊಂಡರು. ‘ನೀನು ಕರೆದಿದ್ರೂ ಯಾರಿಗೆ ಕೇಳ್ತಿತ್ತು? ಅಪ್ಪ ಮನೇಲೇ ಇರಲಿಲ್ಲವಲ್ಲ.’

‘ಇದ್ದ’ ಎಂದಳು ಪುಟ್ಟಿ. ‘ಕಾಲು ಕಾಣ್ತಿತ್ತು. ಅಪ್ಪಂಗೆ ಕೇಳಿಸಿರಲಿಲ್ಲ. ನಾನು ಕೂಗಿದ್ರೆ ಕೇಳಿಸ್ತಿತ್ತು.’

ದೊಡ್ಡಮ್ಮ ನಿಧಾನವಾಗಿ ತಲೆಯೆತ್ತಿದರು. ‘ಮನೇಲಿದ್ರಾ?’ ಎಂದರು. ಆಮೇಲೆ ತಾವೇ ಒಂದು ದಾರಿ ತೆರೆದುಕೊಟ್ಟರು, ಒಳ್ಳೆಯವರು. ‘ನಿದ್ದೆ ಹತ್ತಿತ್ತಾ ನಿಮಗೆ?’ ಹೂಂ ಎಂದರೆ ಸಾಕಿತ್ತು. ಹೂಂ ಅಕ್ಕ, ನಿದ್ದೆ ಹತ್ತಿತ್ತು, ಯಾವ ಬಾಯಲ್ಲಿ ಹೇಳಲಿ ಅಂತ ಸುಳ್ಳು ಹೇಳಿದೆ ಎಂದರೆ ಅವರು ಇನ್ನಷ್ಟು ಅತ್ತು, ಪಾಪ ಎಂದು, ಮಗಳನ್ನು ಅವನಿಗೇ ಬಿಟ್ಟು ಹೋಗುತ್ತಿದ್ದರು. ನಿದ್ದೆ ಹೋದವನನ್ನು ಯಾರು ತಾನೆ ದೂರುತ್ತಾರೆ? ಆದರೆ ನಿದ್ದೆ ಹೋದವನು ಮಗಳು ಕೂಗಿದ್ದರೆ ಎದ್ದಿರುತ್ತಿದ್ದ. ಅದು ಅವಳಿಗೂ ಗೊತ್ತು, ಮುದುಕಿಯಾಗುವವರೆಗೂ ಗೊತ್ತಿರುತ್ತದೆ. ಅವಳ ಬೆರಳು ಬೊಂಬೆಯ ಬಾಯಿಯ ಮೇಲೆ ಬೆಳ್ಳಗಾಗಿತ್ತು. ಇಷ್ಟು ದಿನ ಅವನು ತನ್ನ ಕಳ್ಳತನವನ್ನಷ್ಟೇ ಕಾಯುತ್ತ ಕೂತಿದ್ದ. ಪಕ್ಕದಲ್ಲೇ ಮಲಗುತ್ತಿದ್ದ ಕೂಸು ಏನನ್ನು ಹೊತ್ತು ಮಲಗುತ್ತಿದೆ ಎಂದು ಒಂದು ಸಲವೂ ಕೇಳಿಕೊಂಡಿರಲಿಲ್ಲ.

ಗೋಂದಿನ ಡಬ್ಬಿಗೆ ಒರಗಿದ್ದ ತನ್ನ ಬೊಂಬೆಯನ್ನು ಎತ್ತಿಕೊಂಡ. ಹಜಾರದ ಬಾಗಿಲಿನಿಂದ ಒಳಗೆ ತೂರಿಸಿ ದಾರದ ಕುರ್ಚಿಯ ಮೇಲೆ ಕೂರಿಸಿದ. ಬೊಂಬೆ ಜಾರಿತು, ಮತ್ತೆ ಕೂರಿಸಿದ.

‘ನಿದ್ದೆ ಮಾಡಿರಲಿಲ್ಲ ಅಕ್ಕ’ ಎಂದ. ಆಮೇಲೆ ಮಗಳ ಕಡೆಗೆ ತಿರುಗಿ, ‘ನಂಗೆ ಕೇಳಿಸಿತ್ತು ಪುಟ್ಟಿ. ಅಮ್ಮ ನನ್ನನ್ನೂ ಕರೆದ್ಲು. ಎರಡು ಸಲ. ನೀನು ಕೂಗೋದೇ ಬೇಕಿರಲಿಲ್ಲ. ಕೇಳಿಸಿದ್ರೂ ನಾನು ಹೋಗಲಿಲ್ಲ’ ಎಂದ.

ಪುಟ್ಟಿಯ ಬೆರಳು ಸಡಿಲವಾಯಿತು. ಹುಬ್ಬು ಗಂಟಿಕ್ಕಿ, ಕಷ್ಟದ ಲೆಕ್ಕ ಬಿಡಿಸುವವಳಂತೆ ಅವನನ್ನು ನೋಡಿದಳು. ‘ನೀನೂ ಆಡ್ತಿದ್ಯಾ?’

‘ಹೂಂ.’

ದೊಡ್ಡಮ್ಮ ಎದ್ದರು. ಬೈಯಲಿಲ್ಲ, ಅವನ ಮುಖವನ್ನೂ ನೋಡಲಿಲ್ಲ. ಕಣ್ಣೊರೆಸಿಕೊಂಡು ಒಳಗೆ ಹೋದರು. ಬೀರುವಿನ ಬಾಗಿಲು ತೆರೆದ ಸದ್ದಾಯಿತು, ಆಮೇಲೆ ಪುಟ್ಟಿಯ ಬಟ್ಟೆಗಳನ್ನು ಕೊಡವಿ ಮಡಿಸಿ ಚೀಲಕ್ಕೆ ತುಂಬುವ ಸದ್ದು. ಅದು ಏನೆಂದು ಅವನಿಗೆ ಗೊತ್ತಿತ್ತು. ಎದ್ದು ಹೋಗಿ ಕಾಲು ಹಿಡಿಯಬೇಕೆನ್ನಿಸಿತು, ಏಳಲಾಗಲಿಲ್ಲ, ಯಾಕೆಂದರೆ ಮಗಳು ಅವನ ತೋಳನ್ನು ಹಿಡಿದಿದ್ದಳು.

‘ಹಾಗಾದ್ರೆ ಗೆದ್ದಿದ್ದು ಯಾರಪ್ಪ?’

ಕೆಣಕಲು ಕೇಳಿದ್ದಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು, ಮೊದಲೆಲ್ಲ ಚಂದ್ರನ ಬಗ್ಗೆ, ಇರುವೆಯ ಬಗ್ಗೆ ಕೇಳುತ್ತಿದ್ದ ಹಾಗೆ. ಅವನು ದಾರದ ಕುರ್ಚಿಯಲ್ಲಿ ಕೂತಿದ್ದ ಬೊಂಬೆಯನ್ನು ನೋಡಿದ. ಅವಳು ಕಾದಳು, ಕಾದು ಕಾದು ಹಿಡಿದಿದ್ದ ತೋಳನ್ನು ಅಲುಗಿಸಿದಳು.

‘ಹೇಳಪ್ಪ’ ಎಂದಳು. ‘ಸುಮ್ನೆ ಇರಬೇಡ.’